ಕೋಳಿಕಳ್ಳರ ಯುವರಾಜ

ಹೆಸರು ಯುವರಾಜ, ಅಡ್ಡಹೆಸರು ಕೋಳಿಕಳ್ಳರ. ಇಂಥ ಜೋಡಿ ಕೂಡಿಸಿದ ದಿನ ದೇವರಿಗೆ ಮಾಡಲು ಬೇರೆ ಕೆಲಸವೇ ಇರಲಿಲ್ಲವೋ ಏನೋ. ಕುಪ್ಪೇಲೂರಿನ ಶಾಲೆಯಲ್ಲಿ ಹಾಜರಿ ಕೂಗುವಾಗ ಮಾಸ್ತರರು ಅವನ ಹೆಸರಿಗೆ ಬಂದು ಸ್ವಲ್ಪ ತಡೆಯುತ್ತಿದ್ದರು. ಇಡೀ ತರಗತಿ ಅದಕ್ಕೇ ಕಾದಿರುತ್ತಿತ್ತು. ಹಿಂದಿನ ಸಾಲಿನಿಂದ ಯಾರಾದರೊಬ್ಬ 'ಕೊಕ್ಕೊಕ್ಕೋ' ಅನ್ನದೆ ಬಿಡುತ್ತಿರಲಿಲ್ಲ. ಎದ್ದು ನಿಂತ ಹುಡುಗನ ಕಿವಿ ಕೆಂಪಗಾಗುತ್ತಿತ್ತು.

ಹಾವೇರಿಯ ಕಾಲೇಜಿಗೆ ಹೋದ. ಹೆಸರೂ ಜೊತೆಗೇ ಬಂತು. ಹಾಸ್ಟೆಲಿನಲ್ಲಿ ಯಾರ ಸಾಬೂನು ಕಳೆದರೂ ಎಲ್ಲರೂ ನಗುತ್ತ ಇವನ ಮುಖ ನೋಡುತ್ತಿದ್ದರು. ತಮಾಷೆ ಎಂದು ಅವರಿಗೂ ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಆದರೂ ಇವನು ಟ್ರಂಕಿನ ಬೀಗ ತೆಗೆದು, ಒಳಗಿನ ಅಂಗಿ ಚಡ್ಡಿ ಸಮೇತ ಎಲ್ಲ ತೋರಿಸಿಬಿಡುತ್ತಿದ್ದ. ನಾಚಿಕೆ ಮನುಷ್ಯನನ್ನು ಎಷ್ಟು ದಡ್ಡನನ್ನಾಗಿ ಮಾಡುತ್ತದೆ ನೋಡಿ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನೌಕರಿ ಸಿಕ್ಕಾಗ ಅವನು ಜಾಣನಾದ. ಕೇಳಿದವರಿಗೆಲ್ಲ 'ಯುವರಾಜ ಕುಪ್ಪೇಲೂರ' ಎಂದ. ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಯಾರೂ ಮತ್ತೊಂದು ಮಾತು ಕೇಳಲಿಲ್ಲ. ಹೊಲಗಳಿಗೆ ಹೋದರೆ ರೈತರು 'ಕುಪ್ಪೇಲೂರ ಸಾಹೇಬ್ರ' ಅನ್ನತೊಡಗಿದರು. ಜೀವ ತಣ್ಣಗಾಯಿತು.

ಊರಲ್ಲಿ ಅಜ್ಜಿ ದೇವವ್ವನದು ಮಾತ್ರ ಬೇರೆ ಧಾಟಿ. ಫೋನು ಎತ್ತಿದರೆ, "ಹಲೋ, ಕೋಳಿಕಳ್ಳರ ದೇವವ್ವ ಮಾತಾಡಾಕತ್ತೇನಿ, ನೀವ್ಯಾರು?" ಎಂದು ಓಣಿಗೆಲ್ಲ ಕೇಳುವಂತೆ ಕೂಗುವಳು. ಆ ಹೆಸರು ಬಂದದ್ದು ಹೇಗೆಂದು ಯಾರೂ ಕೇಳದಿದ್ದರೂ ಹೇಳುವಳು.

"ನಮ್ಮ ಹಿರ್ಯಾ ಗೌಡರ ಹುಂಜ ಕದ್ದು, ಕಂಬಳ್ಯಾಗ ಮುಚ್ಕೊಂಡು, ತಾನೂ ಪಂಚಾಯ್ತಿಗೆ ಹೋಗಿ ಕುಂತಿದ್ದನಂತ. ಕದ್ದಾಂವ ಯಾರಲೇ ಅಂತ ಗೌಡ ಕೇಳೂದಕ್ಕೂ, ಕಂಬಳ್ಯಾಗಿನ ಹುಂಜ ಕೂಗೂದಕ್ಕೂ ಸರಿಹೋತು!"

ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುವಳು. ನಗು ಮುಗಿದ ಮೇಲೆ, "ಅವತ್ತಿಂದ ನಮ್ಮ ಮನ್ಯಾಗ ಯಾರೂ ಮಂದಿ ಹೊಲದಾಗಿನ ಹುಲ್ಲುಕಡ್ಡೀನೂ ಮುಟ್ಟಿಲ್ಲ. ಮುಟ್ಟಿದ್ರ ಹೆಸರ ಕೂಗ್ತೈತಿ" ಅನ್ನುವಳು. ಬ್ಯಾಡಗಿಯ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊರಡುವ ದಿನ ಬಾಗಿಲಲ್ಲಿ ಕುಳಿತು ಕಾಯುವಳು. ತೂಕ ಬರಲೆಂದು ಬೇರೆಯವರು ಚೀಲಕ್ಕೆ ನೀರು ಚಿಮುಕಿಸಿಯಾರು, ಈ ಮನೆಯಲ್ಲಿ ಹನಿ ನೀರು ಬೀಳುತ್ತಿರಲಿಲ್ಲ.

ಯುವರಾಜನಿಗೆ ಇದೆಲ್ಲ ಬೇಡವಾಗಿತ್ತು. ಹಾವೇರಿಯಲ್ಲಿ ನೋಡಿದ ಮೊದಲ ಹುಡುಗಿ ಅವನ ಅಡ್ಡಹೆಸರು ಕೇಳಿ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದ್ದಳು. ಅಡುಗೆಮನೆಯಿಂದ ಬಂದ ನಗು ಅವನ ಕಿವಿಯಲ್ಲೇ ಉಳಿದುಬಿಟ್ಟಿತ್ತು. ಹಾಗಾಗಿ ಬ್ಯಾಡಗಿಯ ಶ್ರೀವಾಣಿಯನ್ನು ನೋಡಲು ಹೋದಾಗ ಅವನು ಕುಪ್ಪೇಲೂರ ಎಂದೇ ಹೇಳಿದ. ಶ್ರೀವಾಣಿ ಶಾಲೆಯಲ್ಲಿ ಶಿಕ್ಷಕಿ. ಬೀಜ ಹೇಗೆ ಮಾಡುತ್ತೀರಿ, ಹೂವಿಗೆ ಹೂವು ಹೇಗೆ ಕೂಡಿಸುತ್ತೀರಿ ಎಂದು ನಿಜವಾಗಿ ತಿಳಿಯುವ ಆಸೆಯಿಂದ ಕೇಳಿದಳು. ಅವನು ಒಂದೇ ಭೇಟಿಯಲ್ಲಿ ಸೋತುಹೋದ. ಇವಳು ಕೈಬಿಟ್ಟರೆ ತಾನು ಮದುವೆಯ ಮಾತೇ ಬಿಟ್ಟೇನು ಅಂದುಕೊಂಡ.

ಇನ್ನು ಹೆಣ್ಣಿನವರು ಮನೆ ನೋಡಲು ಬರುವುದಿತ್ತು. ರಾಣೆಬೆನ್ನೂರಿನಲ್ಲಿ 'ಕುಪ್ಪೇಲೂರ' ನಡೆಯಿತು, ಕುಪ್ಪೇಲೂರಿನಲ್ಲೇ ಅದು ನಡೆಯುವುದು ಹೇಗೆ? ಯುವರಾಜ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬೇಡಿಕೊಂಡ.

"ಅಜ್ಜೀ, ಅವತ್ತೊಂದಿನ ನಮ್ಮ ಅಡ್ಡಹೆಸರು ಹೇಳಬ್ಯಾಡ. ಕುಪ್ಪೇಲೂರ ಅಂತ ಹೇಳಿಬಿಡು."

ದೇವವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. "ಕುಪ್ಪೇಲೂರಾಗ ಎಲ್ಲಾರೂ ಕುಪ್ಪೇಲೂರ್ರ. ನಮ್ಮ ಬಾಗಲದಾಗ ಬಿದ್ಕೊಂಡ ನಾಯಿನೂ ಕುಪ್ಪೇಲೂರದ್ದ" ಎಂದಳು. ಮೊಮ್ಮಗ ನಗಲಿಲ್ಲ. ಅವಳು ಮತ್ತೆ ತೊಟ್ಟು ಮುರಿಯತೊಡಗಿದಳು.

ಭಾನುವಾರ ಯುವರಾಜ ಬೆಳಗಾಗುತ್ತಲೇ ಟ್ರ್ಯಾಕ್ಟರಿನ ಟ್ರಾಲಿಗೆ ತಾಡಪತ್ರಿ ಹೊದಿಸಿದ. ಟ್ರಾಲಿಯ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ 'ಕೋಳಿಕಳ್ಳರ ಹಾಲೇಶಪ್ಪ' ಎಂದು ಅಪ್ಪನ ಹೆಸರು ಬರೆಸಿತ್ತು. ಹಾಲೇಶಪ್ಪ ನೋಡಿಯೂ ನೋಡದವನಂತೆ ಎಮ್ಮೆ ಹಿಡಿದುಕೊಂಡು ಹೋದ. ಬೀಗರು ದಾರಿಯಲ್ಲಿ ಯಾರನ್ನೂ ಮನೆ ಕೇಳಬಾರದೆಂದು ಯುವರಾಜ ತಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ, ಅವರ ಕಾರಿನಲ್ಲೇ ಕುಳಿತು ಮನೆಗೆ ಕರೆತಂದ.

ಬಂದವರು ಇಬ್ಬರು: ಶ್ರೀವಾಣಿಯ ತಂದೆ, ಬ್ಯಾಂಕಿನಲ್ಲಿದ್ದು ನಿವೃತ್ತರಾದ ಚಂದ್ರಶೇಖರ ಮತ್ತು ತಾಯಿ ಸರಸ್ವತೀಬಾಯಿ. ಜಮಖಾನೆ ಹಾಸಿತ್ತು, ಅವಲಕ್ಕಿ ಆಯಿತು, ಚಹಾ ಬಂತು. ಎಲ್ಲ ಸಸೂತ್ರ ಮುಗಿಯಿತು ಅನ್ನುವಾಗ ಚಂದ್ರಶೇಖರ ದೇವವ್ವನ ಕಡೆ ತಿರುಗಿ ಕೈ ಮುಗಿದರು.

"ಅಜ್ಜೀರ, ಮನಿಗೆ ನೀವ ಹಿರಿಯರು. ಯಾವ ಮನೆತನ, ಅಡ್ಡಹೆಸರು ಏನು, ನಿಮ್ಮ ಬಾಯಿಂದನ ಕೇಳಬೇಕಂತ ಬಂದೇನಿ."

ಹಾಲೇಶಪ್ಪ ನೆಲ ನೋಡಿದ. ದೇವವ್ವ ಮೊಮ್ಮಗನನ್ನು ನೋಡಿದಳು. ಹಾಜರಿಗೆ ಎದ್ದು ನಿಂತ ಅದೇ ಹುಡುಗನ ಮುಖ, ಅದೇ ಕೆಂಪು ಕಿವಿ. ಅವಳು ತಲೆಯ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು.

"ಕುಪ್ಪೇಲೂರ್ರಿ" ಎಂದಳು. ಅಷ್ಟು ಸಣ್ಣ ದನಿ ಅವಳ ಗಂಟಲಲ್ಲಿ ಇದೆಯೆಂದು ಮನೆಯವರಿಗೇ ಗೊತ್ತಿರಲಿಲ್ಲ.

ಚಂದ್ರಶೇಖರ ಕಪ್ಪು ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು. "ಹಂಗಾರ ನಾವು ತಪ್ಪು ಮನಿಗೆ ಬಂದ್ವಿ ಅಂತ ಕಾಣ್ತದ. ಬ್ಯಾಡಗ್ಯಾಗ ಅಬ್ದುಲಗನಿ ಸಾಹೇಬ್ರ ದಲಾಲಿ ಅಂಗಡ್ಯಾಗ ಕುಪ್ಪೇಲೂರಿನ ಹಾಲೇಶಪ್ಪನವರು ಅಂತ ನಿಮ್ಮ ವಿಚಾರ ಕೇಳಿದ್ದೆ. ಕೋಳಿಕಳ್ಳರ ದೇವವ್ವನ ಮನಿ ಆದ್ರ ಕಣ್ಣು ಮುಚ್ಚಿ ಹುಡುಗೀನ ಕೊಡ್ರಿ, ಆ ಮನಿ ಚೀಲಾನ ನಾವು ಬಿಚ್ಚಿ ನೋಡೂದಿಲ್ಲ, ಅಂದಿದ್ರು. ಅದೊಂದು ಮಾತಿನ ಮ್ಯಾಲ ಬಂದೇವಿ."

ಯುವರಾಜ ಅಜ್ಜಿಯ ಕೈ ನೋಡಿದ. ಮೆಣಸಿನಕಾಯಿ ಮುರಿದು ಮುರಿದು ಬೆರಳ ತುದಿಗಳು ಕೆಂಪಾಗಿದ್ದವು, ಆ ಬೆರಳುಗಳು ಸೆರಗಿನ ಅಂಚನ್ನು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಹುಲ್ಲುಕಡ್ಡಿ ಮುಟ್ಟದವಳು ಬೀಗರ ಎದುರು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು. ಹೇಳಿಸಿದವನು ಅವನು. ಇಷ್ಟು ವರ್ಷ ಪಟ್ಟದ್ದೆಲ್ಲ ನಾಚಿಕೆಯೇ ಅಲ್ಲ, ನಾಚಿಕೆ ಎಂದರೆ ಇದು ಎಂದು ಅವನಿಗೆ ಆಗ ಅರ್ಥವಾಯಿತು. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದ.

"ಮನಿ ಇದ ರೀ" ಎಂದ. "ನಾವು ಕೋಳಿಕಳ್ಳರ. ಹಂಗ ಹೇಳಬ್ಯಾಡ ಅಂತ ಅಜ್ಜಿಗೆ ನಾನ ಹೇಳಿದ್ದೆ. ಆಕಿದೇನೂ ತಪ್ಪಿಲ್ರಿ."

ಸರಸ್ವತೀಬಾಯಿ ಎದ್ದು ದೇವವ್ವನ ಕಾಲು ಮುಟ್ಟಿ ನಮಸ್ಕರಿಸಿದರು, ಆಮೇಲೆ ಯುವರಾಜನತ್ತ ತಿರುಗಿದರು. "ಹೆಸರಿಗೆ ಯಾರೂ ನಗ್ತಿರಲಿಲ್ಲ ತಮ್ಮಾ. ಹಿರಿಯರ ಬಾಯಿಂದ ಇದನ್ನ ಹೇಳಿಸಬಾರದಿತ್ತು." ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೊರಟರು. ಕಾರು ತಿರುಗುವಾಗ ಯುವರಾಜ ಟ್ರಾಲಿಯ ತಾಡಪತ್ರಿ ಎಳೆದು ತೆಗೆದ. ಅದರಿಂದ ಯಾರಿಗೆ ಏನು ಉಪಯೋಗ ಎಂದು ಅವನಿಗೂ ತಿಳಿಯಲಿಲ್ಲ.

ಆಮೇಲೆ ದೇವವ್ವ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನ ತಟ್ಟೆಗೆ ರೊಟ್ಟಿ ಹಾಕಿದಳು, ಕೇಳಿದ್ದಕ್ಕೆ ಹೂಂ ಅಂದಳು. ಫೋನು ಬಂದರೆ ಮಾತ್ರ ಎತ್ತಲೊಲ್ಲಳು. ಐರಣಿಯಿಂದ ಮಗಳು ಚೌಡವ್ವ ಮಾಡಿದಾಗಲೂ, ಅದು ಬಡಕೊಂಡು ಬಡಕೊಂಡು ಸುಮ್ಮನಾಗುವ ತನಕ ನೋಡುತ್ತ ಕುಳಿತಳು.

ವಾರದ ಕೊನೆಗೆ ಯುವರಾಜ ಊರಿಗೆ ಬಂದಿದ್ದಾಗ ಮತ್ತೆ ಫೋನು ಬಂತು. ದೇವವ್ವ ಅದನ್ನು ಅವನ ಕಡೆ ಸರಿಸಿದಳು. "ಯಾರ ಮನಿ ಅಂತ ನೀನ ಹೇಳು."

"ಹಲೋ, ಕೋಳಿಕಳ್ಳರ ಮನಿರಿ" ಎಂದ.

"ಜೋರಾಗಿ ಹೇಳ್ರಿ, ಕೇಳವಲ್ದು." ಶ್ರೀವಾಣಿಯ ದನಿ.

ಅವನು ಎದ್ದು ನಿಂತ. "ಕೋಳಿಕಳ್ಳರ ಮನಿರಿ! ನಾನು ಕೋಳಿಕಳ್ಳರ ಯುವರಾಜ!" ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಆ ಕಡೆ ನಗು ಕೇಳಲಿಲ್ಲ. "ಅಪ್ಪ ಒಪ್ಪ್ಯಾರ" ಎಂದಳು ಶ್ರೀವಾಣಿ. "ನಾ ಹೂಂ ಅನ್ನೂದಕ್ಕಿಂತ ಮೊದಲ ಅಜ್ಜೀರ ಕೂಡ ಮಾತಾಡಬೇಕು. ಅವರ ಕೈಯಾಗ ಕೊಡ್ರಿ."

ಯುವರಾಜ ಫೋನನ್ನು ಅಜ್ಜಿಯ ಕಿವಿಗೆ ತಾನೇ ಹಿಡಿದ, ಅವಳ ಬಾಯನ್ನೇ ನೋಡುತ್ತ ಕಾದ. ಅವಳು ಎಂದಿನಂತೆ ಒಮ್ಮೆ 'ಕೋಳಿಕಳ್ಳರ ದೇವವ್ವ' ಎಂದು ಕೂಗಿಬಿಟ್ಟರೆ ಸಾಕಿತ್ತು. ದೇವವ್ವ ಗಂಟಲು ಸರಿಮಾಡಿಕೊಂಡಳು.

"ಹಲೋ" ಎಂದಳು. "ನಾನು ದೇವವ್ವರಿ."

ಅಷ್ಟೇ ಎಂದಳು.