ಕೋತಿಗಾಗಿ ಹಾಕಿಸಿದ ಕ್ಯಾಮೆರಾ

ಮೊಬೈಲಿನ ಆ ಆಟವನ್ನು ಪೂರ್ತಿ ತಯಾರಾಗುವ ಮೊದಲೇ ಮಾರಾಟಕ್ಕೆ ಬಿಟ್ಟಿದ್ದರು. ಬಾಹ್ಯಾಕಾಶದಲ್ಲಿ ಸುತ್ತುವ ಒಂದು ನಿಲ್ದಾಣ, ಅದರ ಓಣಿಗಳಲ್ಲೆಲ್ಲ ಕ್ಯಾಮೆರಾ. ಆಡುವವರು ಪರದೆಗಳ ಮುಂದೆ ಕೂತು, ನಿಯಮ ಮುರಿದವರ ಮೇಲೆ ಕೆಂಪು ಗುರುತು ಹಾಕಬೇಕು. ನನ್ನ ಡೈರಿಯಲ್ಲಿ ಸೋಮವಾರ ಆರು ಗುರುತು, ಮಂಗಳವಾರ ಒಂಬತ್ತು, ಬುಧವಾರ ಒಂದೇ. ಬುಧವಾರದ್ದು ತನ್ನ ಊಟದ ಪಾಳಿಯಲ್ಲದ ಹೊತ್ತಿನಲ್ಲಿ ಗೋಡೆಗೆ ಮುಖಮಾಡಿ ತಿನ್ನುತ್ತಿದ್ದ ಹೆಂಗಸು. ಗುರುತು ಹಾಕಿದ ಮೇಲೆ ಅವಳ ಕೋಣೆ ಖಾಲಿಯಾಯಿತು. ಎಲ್ಲಿಗೆ ಹೋದಳೆಂದು ಹುಡುಕಿದರೆ ‘ಈ ಭಾಗ ಇನ್ನೂ ಸಿದ್ಧವಾಗಿಲ್ಲ’ ಎಂದಷ್ಟೇ ಬಂತು. ಮರುದಿನ ಹಾಸನದ ಕಾಲೇಜಿನಲ್ಲಿ ಇಡೀ ದಿನ ಪಾಠ ತಲೆಗೆ ಹತ್ತಲಿಲ್ಲ.

ಆ ನಿಲ್ದಾಣದ ಬಗ್ಗೆ ಅಜ್ಜಿಯ ಚಿಂತೆಯೇ ಬೇರೆ. “ಅಲ್ಲಿ ಹೊತ್ತು ಮುಳುಗೋದು ಯಾವಾಗ?”

“ದಿನಕ್ಕೆ ಹದಿನಾರು ಸಲ ಮುಳುಗುತ್ತೆ ಅಜ್ಜಿ.”

“ಅಯ್ಯೋ! ಅಂಗಾದ್ರೆ ಆ ಮಕ್ಳು ಉಣ್ಣೋದು ಯಾವಾಗ?”

ಚನ್ನರಾಯಪಟ್ಟಣದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತಿನ್ನುವುದಿಲ್ಲ. ಅದು ದಶಲಕ್ಷಣ ಪರ್ವ ಬೇರೆ. ಮದುವೆಯಾಗಿ ಬಂದ ಮೊದಲ ವರ್ಷವೇ ಅತ್ತಿಗೆ ಹತ್ತೂ ದಿನ ಒಪ್ಪತ್ತು ಇರುತ್ತೇನೆಂದು ವ್ರತ ಹಿಡಿದಿದ್ದರು. ಅಜ್ಜಿ ಅದನ್ನು ಬಸದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ವ್ರತ ಮುಗಿಸುವ ದಿನ ಪಾರಣೆಯ ಊಟಕ್ಕೆ ಮಲ್ಲಿಪಟ್ಟಣದಿಂದ ಅತ್ತಿಗೆಯ ತವರಿನವರೆಲ್ಲ ಬರುವವರಿದ್ದರು.

ಹಿತ್ತಿಲಲ್ಲಿ ಹಣ್ಣಾಗಲು ತೂಗುಹಾಕಿದ ಬಾಳೆಗೊನೆಗೆ ಕೋತಿಗಳ ಕಾಟ ಎಂದು ಅಣ್ಣ ಕ್ಯಾಮೆರಾ ಹಾಕಿಸಿದ್ದ. “ಎಂಗೂ ಮೂರೊತ್ತೂ ನೋಡ್ತಾನೇ ಕೂತಿರ್ತೀಯ, ಇದನ್ನೂ ನೋಡು” ಎಂದು ನನ್ನ ಮೊಬೈಲಿಗೇ ಅದನ್ನು ಜೋಡಿಸಿಕೊಟ್ಟ.

ಗುರುವಾರ ದೀಪ ಹಚ್ಚಿದ ಮೇಲೆ ಅದರಲ್ಲಿ ಕಂಡದ್ದು ಅತ್ತಿಗೆ. ಗೊನೆಯ ಹಿಂದೆ ನಿಂತು ಹಣ್ಣು ಸುಲಿಯುತ್ತಿದ್ದರು. ಒಂದು. ಇನ್ನೊಂದು. ಆಮೇಲೆ ಒಗೆಯುವ ಕಲ್ಲು ಹಿಡಿದು ಹಾಗೇ ಕುಸಿದರು. ನನ್ನ ಹೆಬ್ಬೆರಳು ಪರದೆಯ ಮೂಲೆಗೆ, ಆಟದಲ್ಲಿ ಕೆಂಪು ಗುಂಡಿ ಇರುವ ಜಾಗಕ್ಕೆ, ತಾನಾಗಿ ಹೋಗಿತ್ತು. ಮೊಬೈಲ್ ಎಸೆದು ಓಡಿದೆ.

“ತಲೆ ಸುತ್ತಿತಾ ಅತ್ತಿಗೆ?”

“ಹಸಿವು ಕಣೇ ಪುಟ್ಟಿ, ಇನ್ನೇನು! ನೀನೆಂಗೆ ಬಂದೆ?”

ನಾನು ಕ್ಯಾಮೆರಾ ತೋರಿಸಿದೆ. ಅವರು ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಸಿಪ್ಪೆಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಅಷ್ಟರಲ್ಲಿ ಬಸದಿಯಿಂದ ಬಂದ ಅಜ್ಜಿಯ ಕಣ್ಣು ನೇರ ಗೊನೆಗೆ ಹೋಯಿತು. “ಪೂಜೆಗಿಟ್ಟ ಹಣ್ಣು! ಯಾವ ಮುಂಡೇದು ಕಿತ್ತಿದ್ದು ನೋಡು ಪುಟ್ಟಿ, ನಿನ್ ಮೊಬೈಲಲ್ಲಿ.”

ಕೋತಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಪರ್ವದ ಹತ್ತು ಧರ್ಮಗಳಲ್ಲಿ ಅಂದು ಸತ್ಯದ ದಿನ. ಅಜ್ಜಿ ಅದರ ಉಪನ್ಯಾಸ ಕೇಳಿಯೇ ಬಂದಿದ್ದಳು.

“ಕೋತಿ ಅಲ್ಲ ಅಜ್ಜಿ, ನಾನು” ಎಂದರು ಅತ್ತಿಗೆ. “ತಡಕೊಳ್ಳಕ್ಕಾಗ್ಲಿಲ್ಲ.”

ಅಜ್ಜಿ ಜಗಲಿಯ ಮೇಲೆ ಕೂತಳು. ನಾನು ಒಳಗೂ ಹಿತ್ತಿಲಿಗೂ ಸುಮ್ಮನೆ ಓಡಾಡಿದೆ.

“ಬಸದೀಲಿ ನಾನೇ ಹೇಳ್ಕೋತೀನಿ” ಎಂದಳು ಕೊನೆಗೆ. “ನಿಮ್ಮಮ್ಮಂಗೆ ಈಗ್ಲೇ ಹೇಳ್ಬುಡು. ಅವ್ರು ನೆಂಟ್ರಿಷ್ಟ್ರಿಗೆಲ್ಲ ಹೇಳೋಕೆ ಮುಂಚೆ.”

ನನ್ನ ಮೊಬೈಲಿನಿಂದಲೇ ಮಲ್ಲಿಪಟ್ಟಣಕ್ಕೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ. ವ್ರತ ಮುರಿಯಿತು ಎಂದು ಅತ್ತಿಗೆ ಒಂದೇ ಉಸಿರಿನಲ್ಲಿ ಹೇಳಿದರು. ಆ ಕಡೆಯಿಂದ ಅವರಮ್ಮನ ದನಿ: “ಯಾರೇ ನೋಡಿದ್ದು?”

ಅತ್ತಿಗೆ ನನ್ನ ಕಡೆ ತಿರುಗಿದರು. ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

“ಯಾರೂ ನೋಡ್ಲಿಲ್ಲ ಕಣಮ್ಮ” ಎಂದರು. “ನಾನಾಗೇ ಹೇಳ್ದೆ.”

ಅಜ್ಜಿ ಕೇಳಿಸಿಕೊಂಡಳು. ಎದ್ದು, ಬೆಳಿಗ್ಗೆಗೆ ಅತ್ತಿಗೆಯನ್ನೂ ಸೇರಿಸಿ ಎಷ್ಟು ಅಕ್ಕಿ ಹಾಕಬೇಕೆಂದು ನನ್ನನ್ನು ಕೇಳಿದಳು.