ತಂಗೆವ್ವ ತಮ್ಮನನ್ನು ಕೋರ್ಟಿನಿಂದ ಕರೆತಂದದ್ದು

೧೯೩೮ರ ಬೇಸಿಗೆಯಲ್ಲಿ ಬನಹಟ್ಟಿಯ ತಂಗೆವ್ವ ಜಮಖಂಡಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ತನ್ನ ತಮ್ಮನಿಗೆ ಬುದ್ಧಿ ಸಾಲದು ಎಂದು ತೋರಿಸಿಕೊಡಲು. ಅಲ್ಲಿಯವರೆಗೆ ಅವಳು ವರ್ಷಗಟ್ಟಲೆ ಮಾಡುತ್ತ ಬಂದದ್ದು ಅದಕ್ಕೆ ತೀರ ವಿರುದ್ಧವಾದ ಕೆಲಸ.

ತಮ್ಮ ಗಿರಮಲ್ಲ ಮೂವತ್ತು ದಾಟಿದ ಗಂಡಸು. ಗಟ್ಟಿ ಮೈ, ಲಕ್ಷಣವಾದ ಮುಖ. ದೂರದಿಂದ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಮಾತು ಬಂದದ್ದೇ ತಡವಾಗಿ. ಬಂದ ಮೇಲೂ ಅದು ಚಿಕ್ಕ ಹುಡುಗನ ಮಾತಾಗಿಯೇ ಉಳಿಯಿತು. ರಾಟಿಯ ಮುಂದೆ ಕೂರಿಸಿದರೆ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂರುತ್ತಿದ್ದ, ಯಾರಾದರೂ ಎಬ್ಬಿಸುವವರೆಗೆ ಊಟಕ್ಕೂ ಏಳುತ್ತಿರಲಿಲ್ಲ. ಸಂತೆಯಲ್ಲಿ ಪಡ್ಡೆ ಹುಡುಗರು ಕುಣಿ ಎಂದರೆ ಕುಣಿಯುತ್ತಿದ್ದ. ಅಂಗಿ ಕೊಡು ಎಂದರೆ ಬಿಚ್ಚಿ ಕೊಟ್ಟು ಬರಿಮೈಯಲ್ಲಿ ಮನೆಗೆ ಬರುತ್ತಿದ್ದ. ಅವರು ನಕ್ಕರೆ ತಾನೂ ನಗುತ್ತಿದ್ದ.

ತಂಗೆವ್ವ ಸಾವಳಗಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವಳು. ತಂದೆತಾಯಿ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಮನೆ, ಮಗ್ಗ ಮಗನ ಹೆಸರಿಗೆ ಬಂದವು. ತಂದೆಯ ಎರಡು ಕುಣಿಮಗ್ಗಗಳಲ್ಲಿ ಒಂದರ ಗುಂಡಿಗೆ ಅವಳೇ ಇಳಿದು ಸೀರೆ ನೇಯತೊಡಗಿದಳು. ಸಂಜೆ ರೊಟ್ಟಿ ಬಡಿಯುತ್ತ ತಮ್ಮನಿಗೆ ಪಾಠ ಹೇಳುತ್ತಿದ್ದಳು. ಯಾರಾದರೂ ಹೆಸರು ಕೇಳಿದರೆ ತಂದೆಯ ಹೆಸರು ಸೇರಿಸಿ ಹೇಳಬೇಕು. ಊರು ಬನಹಟ್ಟಿ. ಉದ್ಯೋಗ ನೇಕಾರಿಕೆ. ದೊಡ್ಡವರ ಮುಂದೆ ಕೈ ಮುಗಿದು ನೆಟ್ಟಗೆ ನಿಲ್ಲಬೇಕು, ಸುಮ್ಮಸುಮ್ಮನೆ ನಗಬಾರದು. ಪಾಠ ಗಿರಮಲ್ಲನ ಮೈಗೆ ಇಳಿಯುವ ಹೊತ್ತಿಗೆ ಎಷ್ಟೋ ಮಳೆಗಾಲಗಳು ಕಳೆದಿದ್ದವು. ಆಮೇಲೆ ಸಂತೆಯಲ್ಲಿ ನಗುವವರು ಕಡಿಮೆಯಾದರು.

ಅವರ ಕಾಕಾ, ಅಂದರೆ ತಂದೆಯ ತಮ್ಮ ಶಿದ್ರಾಮಪ್ಪ, ರಬಕವಿಯಲ್ಲಿ ಸೀರೆ ವ್ಯಾಪಾರಿ. ರಬಕವಿಗೂ ಬನಹಟ್ಟಿಗೂ ನಡುವೆ ಒಂದು ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ದಾರಿ. ಆದರೆ ಆಗ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗಲಿಯದು. ಈ ದೊರೆಯ ಹುಕುಂ ಆ ಊರಿನಲ್ಲಿ ನಡೆಯುತ್ತಿರಲಿಲ್ಲ.

ಆ ವರ್ಷ ತಂಗೆವ್ವ ನಾದಿನಿಯ ಬಾಣಂತನಕ್ಕೆಂದು ಸಾವಳಗಿಗೆ ಹೋಗಿದ್ದಾಗ ಶಿದ್ರಾಮಪ್ಪ ಬಂದು ಗಿರಮಲ್ಲನನ್ನು ರಬಕವಿಗೆ ಕರೆದೊಯ್ದ. ನಿನಗೆ ಲಗ್ನ ಮಾಡುತ್ತೇನೆ ಎಂದ. ಮನೆಯನ್ನೂ ಎರಡು ಮಗ್ಗಗಳನ್ನೂ ಕಾಕಾನಿಗೆ ಸಂತೋಷದಿಂದ ಕೊಟ್ಟಿದ್ದೇನೆ ಎಂಬ ಬಕ್ಷೀಸ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ತಂಗೆವ್ವ ಮರಳಿ ಬಂದು ರಬಕವಿಯಲ್ಲಿ ಅವನ ಮನೆಯ ಬಾಗಿಲು ತಟ್ಟಿದರೆ ಒಳಗಿನಿಂದ ಕಾಕಾನ ಹೆಂಡತಿ ಕೂಗಿದಳು: "ನಿನ್ನ ತಮ್ಮ ಮದುಮಗ ಆಗಾಕತ್ತಾನ. ನಿನಗ್ಯಾಕ ಹೊಟ್ಟಿಕಿಚ್ಚು? ಹೋಗಬೇ!"

ಜಮಖಂಡಿಯ ವಕೀಲರು ವಿಷಯವನ್ನು ನೇರವಾಗಿ ಹೇಳಿದರು. ಗಿರಮಲ್ಲ ತಿಳಿವಳಿಕೆಯುಳ್ಳವನು ಎಂದಾದರೆ ಪತ್ರ ಊರ್ಜಿತ. ಎಲ್ಲಿ ಇರಬೇಕೆಂಬುದೂ ಅವನ ಮರ್ಜಿ. ಬುದ್ಧಿ ಸಾಲದವನು ಎಂದು ಕೋರ್ಟು ಒಪ್ಪಿ ಅಕ್ಕನನ್ನು ಪಾಲಕಿಯಾಗಿ ನೇಮಿಸಿದರೆ ಪತ್ರ ಬೀಳುತ್ತದೆ, ಅವನು ಅವಳ ವಶಕ್ಕೆ ಬರುತ್ತಾನೆ. "ಆದ್ರ ತೀರ್ಪು ಆಗೂ ಹೊತ್ತಿಗೆ ಅಂವ ಜಮಖಂಡ್ಯಾಗ ಇರಬೇಕವ್ವಾ," ಎಂದರು. "ರಬಕವಿಗೆ ಹೊಕ್ಕನಂದ್ರ ಹುಕುಂ ಹಿಡಕೊಂಡು ನೀ ಸಾಂಗ್ಲಿ ಬಾಗಲಾ ಕಾಯಬೇಕಾಗತೈತಿ."

ಮನೆ ಇದ್ದದ್ದು ಜಮಖಂಡಿಯ ಹದ್ದಿನಲ್ಲಿ. ಆ ಕೋರ್ಟು ಒಪ್ಪದೆ ಪತ್ರಕ್ಕೆ ಬೆಲೆ ಇಲ್ಲ. ಹಾಗಾಗಿ ತಂಗೆವ್ವನ ಅರ್ಜಿಯ ವಿಚಾರಣೆಯ ದಿನ ಶಿದ್ರಾಮಪ್ಪ ತಾನೇ ಗಿರಮಲ್ಲನನ್ನು ಎತ್ತಿನ ಗಾಡಿಯಲ್ಲಿ ಕರೆತಂದ. ಹೊಸ ಧೋತರ, ತಲೆಗೆ ಗುಲಾಬಿ ಪಟಗ. ತಿಂಗಳ ಮೇಲೆ ತಮ್ಮನನ್ನು ಕಂಡ ತಂಗೆವ್ವನ ಕಡೆ ಅವನು ಕೈ ಬೀಸಿ ಕೂಗಿದ, "ಅಕ್ಕಾ, ನಂದು ಲಗ್ನಾ!"

ನ್ಯಾಯಾಧೀಶರು ಮರಾಠಿ ಮಾತಿನವರು, ಕನ್ನಡ ಬಲ್ಲವರು. ಗಿರಮಲ್ಲನನ್ನು ಹತ್ತಿರ ಕರೆದು ಮೃದುವಾಗಿಯೇ ಕೇಳಿದರು.

"ನಿನ್ನ ಹೆಸರೇನಪಾ?"

ಗಿರಮಲ್ಲ ಕೈ ಮುಗಿದು ನೆಟ್ಟಗೆ ನಿಂತ. "ಗಿರಮಲ್ಲಪ್ಪ ರಾಚಪ್ಪ ಕೊಣ್ಣೂರ ರೀ."

"ಯಾವೂರು?"

"ಬನಹಟ್ಟಿ ರೀ."

"ಉದ್ಯೋಗ?"

"ನೇಕಾರಿಕಿ ರೀ, ಸಾಹೇಬ್ರ."

ಒಂದು ಉತ್ತರವೂ ತಡವರಿಸಲಿಲ್ಲ. ಅವನು ನಗಲೂ ಇಲ್ಲ. ಹೇಳಿ ಮುಗಿಸಿ ಅಕ್ಕನ ಕಡೆ ನೋಡಿದ, ಸರಿ ಹೇಳಿದೆನೇ ಎಂಬಂತೆ. ತಂಗೆವ್ವನ ತಲೆ ತಾನಾಗಿ ಹೂಂ ಎಂದು ಅಲ್ಲಾಡಿತು. ಆಮೇಲೆ ಅವಳಿಗೆ ತಾನು ಮಾಡಿದ್ದು ತಿಳಿಯಿತು.

"ಕಾಕಾಗ ಮನಿ ಕೊಟ್ಟೀಯೇನು?" ನ್ಯಾಯಾಧೀಶರು ಕೇಳಿದರು.

"ಕೊಟ್ಟೇನ್ರಿ."

"ಯಾರರ ಬಡದು ಬೈದು ಮಾಡಿಸಿದರೇನು?"

"ಇಲ್ರಿ. ಉಂಡಿ ಕೊಟ್ರು."

ಶಿದ್ರಾಮಪ್ಪನ ವಕೀಲ ಕೂತಲ್ಲೇ ಮುಗುಳ್ನಕ್ಕ. ನ್ಯಾಯಾಧೀಶರು ಲೇಖನಿ ಎತ್ತಿಕೊಂಡರು. ತಂಗೆವ್ವನ ವಕೀಲರು ಅವಳ ಕಡೆ ಬಾಗಿ ಪಿಸುಗುಟ್ಟಿದರು. "ಇವತ್ತ ಬ್ಯಾಡ. ಮುಂದಿನ ತಾರೀಖ ಕೇಳೂಣು. ಡಾಕ್ಟರ ಸಾಕ್ಷಿ ತರೂಣು."

"ಅಂವ ಇವತ್ತ ರಬಕವಿಗೆ ಹೋದ್ರ ಮತ್ತ ಬರೂದಿಲ್ಲರಿ," ಎಂದಳು. ಎದ್ದು ನಿಂತಳು. "ಸಾಹೇಬ್ರ, ಅವ್ಗ ನಾನೂ ಒಂದ ಮಾತ ಕೇಳಲೇನ್ರಿ?"

ಎದುರು ವಕೀಲ ಆಕ್ಷೇಪಿಸಿದ. ನ್ಯಾಯಾಧೀಶರು ಕೇಳಲು ಬಿಟ್ಟರು.

ಬಾಗಿಲಲ್ಲಿ ಕೋರ್ಟಿನ ಜವಾನ, ಪಟ್ಟೆವಾಲಾ ಯಮನಪ್ಪ ನಿಂತಿದ್ದ. ತಂಗೆವ್ವ ಅವನ ಕಡೆ ಬೆರಳು ಮಾಡಿದಳು.

"ಗಿರಮಲ್ಲಾ, ಅಲ್ಲಿ ನಿಂತಾರಲ್ಲಾ, ಆ ಅಣ್ಣಾಗ ಮನಿ ಇಲ್ಲ. ನಮ್ಮ ಮನಿ ಅವರಿಗೆ ಕೊಡೂಣೇನು?"

"ಕೊಡೂಣು."

"ಮಗ್ಗಾ?"

"ಮಗ್ಗಾನೂ ಕೊಡೂಣು."

"ಮತ್ತ ಕಾಕಾಗ?"

"ಕಾಕಾಗೂ ಕೊಡೂಣು. ಸಾಹೇಬ್ರಿಗೂ ಕೊಡೂಣು, ಪಾಪ, ಕೂತಾರ."

ಹಿಂದಿನಿಂದ ಒಬ್ಬ ಕೂಗಿದ, "ಗಿರಮಲ್ಲಣ್ಣಾ, ನನಗೂ ಒಂದ ಖೋಲಿ ಕೊಡಪಾ, ಅತ್ತಿಮನ್ಯಾಗ ಬಿದ್ದೇನಿ!"

"ತಗೋ," ಎಂದ ಗಿರಮಲ್ಲ. ಕೋರ್ಟು ಗೊಳ್ಳೆಂದಿತು. ಎಲ್ಲರೂ ನಗುವುದನ್ನು ಕಂಡು ಅವನೂ ನಗತೊಡಗಿದ. ತಂಗೆವ್ವ ನಗು ನಿಲ್ಲುವವರೆಗೆ ಕಾದಳು. ಅವಳ ಮುಂದಿನ ಮಾತು ಮೊದಲಿನಷ್ಟು ಗಟ್ಟಿಯಾಗಿ ಬರಲಿಲ್ಲ.

"ಆ ಪಟಗಾ ಬಿಚ್ಚಿ ಅಣ್ಣಾಗ ಕೊಡು."

ಗಿರಮಲ್ಲ ಪಟಗ ಬಿಚ್ಚಿ ಯಮನಪ್ಪನಿಗೆ ನೀಡಿದ. ಯಮನಪ್ಪ ಕೈ ಚಾಚಲಿಲ್ಲ.

"ಅಣ್ಣಾ ಲಗ್ನ ಆಗಬೇಕಂತಾರ. ನಿನ್ನ ಲಗ್ನಾನೂ ಅವರಿಗೆ ಕೊಡೂಣೇನು?"

ಗಿರಮಲ್ಲನ ನಗು ನಿಂತಿತು. ಅಕ್ಕನನ್ನು ನೋಡಿದ, ಯಮನಪ್ಪನನ್ನು ನೋಡಿದ. ಪಟಗವನ್ನು ಎದೆಗೆ ಅವಚಿಕೊಂಡ.

"ಲಗ್ನ ಕೊಡಾಂಗಿಲ್ಲ. ಅದು ನಂದು."

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಕಂಡದ್ದಿಷ್ಟನ್ನೂ ಬರೆದುಕೊಂಡು ಮಧ್ಯಾಹ್ನದ ಮೇಲೆ ತೀರ್ಪು ಓದಿದರು. ಕೊಡುವುದೆಂದರೇನು ಎಂದು ತಿಳಿಯದವನು ಒತ್ತಿದ ಹೆಬ್ಬೆಟ್ಟಿಗೆ ಬೆಲೆ ಇಲ್ಲ. ಗಿರಮಲ್ಲಪ್ಪನಿಗೂ ಅವನ ಆಸ್ತಿಗೂ ಅಕ್ಕ ತಂಗೆವ್ವಳೇ ಪಾಲಕಿ. ಅವಳ ಒಪ್ಪಿಗೆ ಇಲ್ಲದೆ ಅವನು ಏನನ್ನೂ ಕೊಡುವಂತಿಲ್ಲ, ಕೊಳ್ಳುವಂತಿಲ್ಲ, ಮದುವೆಯಾಗುವಂತಿಲ್ಲ.

ನಕಲು ಪ್ರತಿ ಪಡೆದು ತಂಗೆವ್ವ ಹೊರಗೆ ಬರುವಷ್ಟರಲ್ಲಿ ಗಿರಮಲ್ಲ ಕಾಕಾನ ಗಾಡಿಯಲ್ಲಿ ಕೂತಾಗಿತ್ತು. ಎತ್ತು ಹೂಡಿತ್ತು. ಅವಳು ಓಡಿಹೋಗಿ ನೊಗದ ಮುಂದೆ ನಿಂತಳು.

"ನಾ ಏನ ಅವನ್ನ ಹಿಡದೀನೇನವಾ?" ಎಂದ ಶಿದ್ರಾಮಪ್ಪ. "ತಾನ ಹತ್ತಿ ಕೂತಾನ. ಇಳಸಕೋ, ನೋಡೂಣು. ನೀ ಭಾಳ ಶ್ಯಾಣೇಕಿ ಅಲ್ಲಾ!"

"ಇಳೀ ತಮ್ಮಾ."

"ಒಲ್ಲೆ. ಲಗ್ನ ಐತಿ."

ಯಮನಪ್ಪ ಮೆಟ್ಟಿಲಿಳಿದು ಬಂದ. "ಹುಕುಂ ಐತೆವ್ವಾ ನಿನ್ನ ಕೈಯಾಗ. ಹೂಂ ಅನ್ನು, ರಟ್ಟಿ ಹಿಡದು ಇಳಸತೀನಿ."

ಗಿರಮಲ್ಲ ಗಾಡಿಯ ಗೂಟವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು. ಶಿದ್ರಾಮಪ್ಪ ಹಗ್ಗ ಜಗ್ಗಿದ. ಎತ್ತಿನ ಉಸಿರು ತಂಗೆವ್ವನ ಮುಖಕ್ಕೆ ಬಡಿಯಿತು. ಅವಳು ಜರುಗಲಿಲ್ಲ. ಯಮನಪ್ಪನಿಗೆ ಬೇಡ ಎಂದು ಕೈ ಅಡ್ಡ ಮಾಡಿದಳು.

"ಲಗ್ನ ರಬಕವ್ಯಾಗಲ್ಲೋ ಹುಚ್ಚಾ," ಎಂದಳು. "ಬನಹಟ್ಟ್ಯಾಗ. ನಮ್ಮ ಮನ್ಯಾಗ."

"ಖರೇನ ಅಕ್ಕಾ?"

"ಖರೇನ."

ಗಿರಮಲ್ಲ ಗೂಟ ಬಿಟ್ಟು ಇಳಿದ. ಶಿದ್ರಾಮಪ್ಪ ಜೋರಾಗಿ ನಕ್ಕ. "ಆತಲ್ಲಾ! ನಾನೂ ಇದನ್ನ ಅಂದಿದ್ದೆ ಅವ್ಗ," ಎಂದು ಎತ್ತು ಹೊಡೆದ. ತಂಗೆವ್ವ ತಮ್ಮನ ಕೈ ಹಿಡಿದುಕೊಂಡಳು.

ಅಂದು ಅವರು ಜಮಖಂಡಿಯ ಮಠದಲ್ಲಿ ಉಳಿದು, ಮರುದಿನ ಬಾಡಿಗೆ ಗಾಡಿ ಹಿಡಿದು ಊರು ಸೇರಿದರು. ದಾರಿಯುದ್ದಕ್ಕೂ ಗಿರಮಲ್ಲ ಮದುವೆಯ ಮಾತಾಡಿದ. ಮನೆಗೆ ಬಂದವನೇ ಪಟಗ ಸುತ್ತಿಕೊಂಡು ಅಂಗಳದಲ್ಲಿ ಕೂತ. ಓಣಿಯ ಹೆಂಗಸರು ತಂಗೆವ್ವನಿಗೆ ಬುದ್ಧಿ ಹೇಳಿದರು: ಸಾಹೇಬರು ಬೇಡ ಅಂದರು ಎಂದುಬಿಡು, ಇಲ್ಲವೇ ಬರುವ ವರ್ಷ ಎನ್ನು, ಅವನಿಗೇನು ಗೊತ್ತಾಗುತ್ತದೆ. ಅವಳು ಹೋಗಿ ತಮ್ಮನ ಪಕ್ಕ ಕೂತಳು.

"ಲಗ್ನ ಇಲ್ಲೋ ತಮ್ಮಾ. ನಿನ್ನೆ ನಾ ಸುಳ್ಳ ಹೇಳಿದ್ನಿ."

"ಸಾಹೇಬ್ರ ಬ್ಯಾಡಂದ್ರೇನು?"

"ಸಾಹೇಬ್ರಲ್ಲ. ನಾ ಬ್ಯಾಡಂದೆ."

 ಹುಟ್ಟಿದಾಗಿನಿಂದ ಯಾರ ಮೇಲೂ ಸಿಟ್ಟಾಗದವನು ಎದ್ದು ಒಳಗೆ ಹೋಗಿ, ಸುತ್ತಿಟ್ಟಿದ್ದ ಕಂಡಿಕೆಗಳ ಬುಟ್ಟಿಯನ್ನು ತಂದು ಅಂಗಳಕ್ಕೆ ಸುರಿದ. ನೂಲು ಧೂಳಾಯಿತು. ನೋಡಲು ನಿಂತವರನ್ನು ತಂಗೆವ್ವ ಕಳಿಸಿದಳು, ಅವನನ್ನು ತಡೆಯಲಿಲ್ಲ.

ಅವಳು ಅವನನ್ನು ಅವನ ಕೊನೆಯವರೆಗೂ ನೋಡಿಕೊಂಡಳು. ಸಂಸ್ಥಾನಗಳು ಹೋದ ಮೇಲೂ ಆ ಎರಡು ಮಗ್ಗ ಅದೇ ಮನೆಯಲ್ಲಿ ನಡೆದವು. ಆದರೆ ಆ ಬೇಸಿಗೆಯಲ್ಲಿ ಗಿರಮಲ್ಲ ಅಕ್ಕ ಬಡಿಸಿದ್ದನ್ನು ಮಾತಿಲ್ಲದೆ ಉಣ್ಣುತ್ತಿದ್ದ. ಅವಳ ಕಡೆ ಬೆನ್ನು ಮಾಡಿ ರಾಟಿ ತಿರುಗಿಸುತ್ತಿದ್ದ. ಮಾತಾಡು ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಅವನು ಮಾತಾಡಿಬಿಡುತ್ತಿದ್ದ. ಮಳೆಗಾಲ ಹಿಡಿದ ಮೇಲೆ ಒಂದು ದಿನ ಅವನಾಗಿಯೇ, ರೊಟ್ಟಿ ಕರಕಲಾಗಿದೆ ಎಂದು ಜಗಳ ತೆಗೆದ.