ಹಾರ್ಡ್‌ಡಿಸ್ಕ್ ಎರಡು ಮಾಡಿದ ದಿನ

ಲೋಕೇಶಣ್ಣ, ಕುಂದೂರಿನ ಆ ಮದುವೆ ನಿಮ್ಮ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಬಂದಿತ್ತು. ಅಳಿಸಿದವಳು ನಾನು. ಇಷ್ಟು ವರ್ಷ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ನಡೆಸಿದ್ದೇನೆ.

ಬಾಳ್ಳುಪೇಟೆಯ ನಿಮ್ಮ ಸ್ಟುಡಿಯೋದಲ್ಲಿ ನಾನು ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದ ಕಾಲ. ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕ್ ಒಂದನ್ನು ನೀವು ಹಾಸನದಿಂದ ತಂದಿರಿ. ಟೇಪಿನಿಂದ ಅದಕ್ಕೆ ಇಳಿಸಿದ ಮೊದಲ ಮದುವೆಯೇ ಕುಂದೂರಿನದು. ಇಳಿಸಿಯಾದ ಮೇಲೆ ಅದೇ ಟೇಪನ್ನು ಮುಂದಿನ ಕಾರ್ಯಕ್ರಮಕ್ಕೆ ಒಯ್ಯುವುದು ನಮ್ಮ ರೂಢಿ — ಒಯ್ದಿರಿ. ನನ್ನದೋ ಸುಮ್ಮನೆ ಕೂರುವ ಜಾಯಮಾನವಲ್ಲ. ಡಿಸ್ಕನ್ನು ಎರಡು ಭಾಗ ಮಾಡಬಹುದು, ಶೂಟಿಂಗ್ ಒಂದರಲ್ಲಿ, ಮಿಕ್ಸಿಂಗ್ ಮುಗಿದದ್ದು ಇನ್ನೊಂದರಲ್ಲಿ ಇಡಬಹುದು ಎಂದು ಎಲ್ಲೋ ಓದಿದ್ದೆ. ಹಾಗಾದರೆ ಒಳಗಿರುವ ಮದುವೆ ಯಾವ ಭಾಗಕ್ಕೆ ಹೋಗುತ್ತದೆ? ತಾಳಿ ಕಟ್ಟುವುದು ಒಂದು ಕಡೆ, ಊಟದ ಪಂಕ್ತಿ ಇನ್ನೊಂದು ಕಡೆಯೇ? ನೋಡಲೇಬೇಕು ಅನ್ನಿಸಿತು.

ಇರುವುದನ್ನು ಅಳಿಸಿ ಹೊಸದಾಗಿ ಮಾಡು ಎಂದಿತು ಕಂಪ್ಯೂಟರ್. ಒಳಗಿನದೆಲ್ಲ ಹೋಗುತ್ತದೆ ಎಂದೂ ಎಚ್ಚರಿಸಿತು. ಓದಿದೆ — ಓದಿಯೂ, ಏನಾಗುತ್ತದೋ ನೋಡೋಣ ಎಂದು ಒತ್ತಿದೆ. ಇ, ಎಫ್ ಎಂದು ಎರಡು ಡ್ರೈವ್ ಬಂದಾಗ ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆಮೇಲೆ ತೆರೆದು ನೋಡಿದೆ. ಎರಡೂ ಖಾಲಿ.

ನೀವು ಬಂದಾಗ ಬಾಯಿಗೆ ಬಂದದ್ದು — "ಕುಂದೂರಿನ ಮದುವೆ ಈಗ ಹಾಕಿ ನೋಡಿದೆ, ಪರದೆ ತುಂಬಾ ಬರೀ ಚುಕ್ಕಿ ಲೋಕೇಶಣ್ಣ, ರೆಕಾರ್ಡೇ ಆಗಿಲ್ಲ."

"ಕ್ಯಾಮೆರಾದಲ್ಲಿ ಕೆಂಪು ಲೈಟು ಉರೀತಾ ಇತ್ತಲ್ಲಮ್ಮ..." ಅಂದಿರಿ.

ಕುಂದೂರಿಗೆ ಹೋಗಿ ಮದುವೆ ಹುಡುಗಿಯ ಮನೆಯ ಅಂಗಳದಲ್ಲಿ ಕೈಮುಗಿದು ನಿಂತಿರಿ. "ತಪ್ಪು ನಂದೇ ಕಣ್ರೀ." ಅವಳ ಅಪ್ಪ ಬೈದ ಬೈಗುಳವನ್ನೆಲ್ಲ ನಿಮ್ಮ ಪಕ್ಕದಲ್ಲೇ ನಿಂತು ಕೇಳಿದೆ. ಮಾತು ಹಬ್ಬಿತು, ಮದುವೆಗಳಿಗೆ ನಿಮ್ಮನ್ನು ಕರೆಯುವುದು ಕಡಿಮೆಯಾಯಿತು. ಅದಕ್ಕಿಂತ ಹೆಚ್ಚಾಗಿ — ತಪ್ಪು ನಿಮ್ಮದೇ ಎಂದು ನೀವೇ ನಂಬಿಬಿಟ್ಟಿರಿ. ಕ್ಯಾಮೆರಾ ಒರೆಸುವುದು, ಲೈಟು ನೋಡುವುದು, ಮತ್ತೆ ಒರೆಸುವುದು. ಕೊನೆಗೆ ಅದನ್ನು ಮಾರಿದಿರಿ. ಎಲ್ಲದರಲ್ಲೂ ಕುತೂಹಲದ ನಾನು, ನಿಜ ಹೇಳಿದರೆ ಏನಾಗುತ್ತದೆ ಎಂದು ಮಾತ್ರ ಒಮ್ಮೆಯೂ ನೋಡಲಿಲ್ಲ.

ಮೊನ್ನೆ ಸಕಲೇಶಪುರದಲ್ಲಿ, ನನ್ನ ತಂಗಿಯ ಗೃಹಪ್ರವೇಶದಲ್ಲಿ ಸಿಕ್ಕಿರಿ. ಎಲ್ಲರದೂ ಒಂದು ಫೋಟೋ ತೆಗೆಯಿರಿ ಎಂದು ಫೋನ್ ಚಾಚಿದೆ.

"ಬ್ಯಾಡ ಕಣಮ್ಮ, ನಾನ್ ಹಿಡ್ದಿದ್ದು ಬರಲ್ಲ. ಬೇರೆ ಯಾರಿಗಾದ್ರೂ ಕೊಡು," ಎಂದು ನಕ್ಕಿರಿ.

ಆಗಲೂ ಹೇಳಲಿಲ್ಲ ನಾನು. ಫೋನ್ ವಾಪಸ್ ತೆಗೆದುಕೊಂಡೆ.

ಕ್ಷಮಿಸಿ ಎನ್ನುವುದಕ್ಕೆ ನನಗೆ ಬಾಯಿಲ್ಲ. ಭಾನುವಾರ ಕುಂದೂರಿಗೆ ಹೋಗುತ್ತೇನೆ. ನೀವು ಕೈಮುಗಿದು ನಿಂತ ಜಾಗದಲ್ಲೇ ನಿಂತು, ಆ ಮನೆಯವರೆಲ್ಲರ ಎದುರು ಹೇಳುತ್ತೇನೆ. ಆಮೇಲೆ ನಿಮ್ಮಲ್ಲಿಗೆ ಬರುತ್ತೇನೆ, ಲೋಕೇಶಣ್ಣ. ನೀವು ಏನಂದರೂ ಕೇಳಿಸಿಕೊಳ್ಳುತ್ತೇನೆ.